ನೋಟಿಗೆ ಹಚ್ಚಿದ ಭಂಡಾರ

ನಾಗನೂರ ಹತ್ತಿರದ ತೋಟ
12-11-2000

ಅಣ್ಣಾ,

ಮೊನ್ನೆ ಕೆಟ್ಟ ಕನಸು ಬಿತ್ತು. ಊರ ಚಾವಡಿಯ ಮುಂದೆ ಗಾಜಿನ ಬಟ್ಟಲುಗಳನ್ನು ಸಾಲಾಗಿ ಇಟ್ಟಿದ್ದರು. ಊರವರೆಲ್ಲ ಒಬ್ಬೊಬ್ಬರಾಗಿ ಬಂದು ಕೈ ಅದ್ದುತ್ತಿದ್ದರು. ಯಾರ ನೀರೂ ಬಣ್ಣ ತಿರುಗಲಿಲ್ಲ. ಊರ ಹೊಲಗಳ ದಾಖಲೆ ಬರೆಯುವ ತಲಾಟಿಯೂ ಅದ್ದಿದ, ಅವನದೂ ತಿಳಿಯಾಗಿಯೇ ಉಳಿಯಿತು. ಕಡೆಗೆ ನನ್ನ ಸರದಿ ಬಂತು. ಬೆರಳು ತಾಗಿದ ಕೂಡಲೇ ನೀರು ಕೆಂಪಗೆ ತಿರುಗಿತು. ಎಲ್ಲರೂ "ಕಳ್ಳಿ ಸಿಕ್ಕಳು" ಎಂದು ಚಪ್ಪಾಳೆ ಬಡಿದರು. 

ಕಾಗದ ಬರೆಯುವಾಗ ಮೊದಲು ನಾವೆಲ್ಲ ಆರಾಮ ಎಂದು ಬರೆಯಬೇಕು ಎಂದು ನೀನೇ ಕಲಿಸಿದ್ದೆ. ಆರಾಮ ಇಲ್ಲ, ಅದಕ್ಕೇ ಬರೆದಿಲ್ಲ.

ಬೆಳಗಾವಿ ಕೋರ್ಟಿನಿಂದ ಮನೆಯವರಿಗೆ ಸಾಕ್ಷಿಯ ಸಮನ್ಸ್ ಬಂದಿದೆ. ಹೋದ ವರ್ಷ ತಲಾಟಿ ಸಿಕ್ಕಿಬಿದ್ದ ದಿನ ನೀನು ಇಲ್ಲಿರಲಿಲ್ಲ, ಆದ್ದರಿಂದ ಎಲ್ಲ ಬರೆಯುತ್ತೇನೆ. ಮಾವನವರು ತೀರಿಕೊಂಡ ಮೇಲೆ ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಮನೆಯವರ ಹೆಸರು ಏರಿಸಬೇಕಿತ್ತು. ಅದಕ್ಕೆ ತಲಾಟಿ ರೊಕ್ಕ ಕೇಳಿದ. ಇವತ್ತು ಬಾ ನಾಳೆ ಬಾ ಎಂದು ತಿರುಗಿಸಿ ತಿರುಗಿಸಿ ಚಪ್ಪಲಿ ಹರಿದವು. ಉತಾರದಲ್ಲಿ ಹೆಸರಿಲ್ಲದಿದ್ದರೆ ಕಾಲುವೆ ನೀರಿಗೆ ಅರ್ಜಿ ಹಾಕುವಂತಿಲ್ಲ, ಕಬ್ಬು ನೋಂದಣಿ ಇಲ್ಲ, ಸೊಸೈಟಿಯಲ್ಲಿ ಗೊಬ್ಬರ ಇಲ್ಲ. ಹೊಲ ನಮ್ಮ ಕಣ್ಣ ಮುಂದೆ ಇದೆ, ಕಾಗದದ ಮೇಲೆ ಮಾತ್ರ ಸತ್ತವರದು.

ನಮ್ಮ ಮನೆಯವರ ಹಟ ನಿನಗೆ ಗೊತ್ತೇ ಇದೆ. "ನಮ್ಮಪ್ಪನ ಹೊಲಾ ನನ್ನ ಹೆಸರಿಗೆ ಮಾಡಾಕ ಇವಂಗ್ಯಾಕ ಕೊಡಬೇಕು? ಇಂವೇನು ಬಿತ್ಯಾನೋ, ಹರಗ್ಯಾನೋ?" ಎಂದು ಬೆಳಗಾವಿಗೆ ಹೋಗಿ ಲೋಕಾಯುಕ್ತದವರಿಗೆ ದೂರು ಬರೆದು ಕೊಟ್ಟರು. ಅವರು ಹೇಳಿದ್ದಿಷ್ಟು: ಅವನು ಕೇಳಿದ ರೊಕ್ಕ ನೀನೇ ತಾ, ನಾವು ನೋಟಿಗೆ ಒಂದು ಬಿಳಿ ಪುಡಿ ಹಚ್ಚಿ ನಿನ್ನ ಜೇಬಿನಲ್ಲಿ ಇಡುತ್ತೇವೆ, ಅವನು ನೋಟು ಮುಟ್ಟಿದ ಮೇಲೆ ಅವನ ಕೈ ಸೋಡಾ ನೀರಿನಲ್ಲಿ ತೊಳೆಸುತ್ತೇವೆ, ನೀರು ಕೆಂಪಾದರೆ ಸಿಕ್ಕಂತೆ. ಹಾಗೇ ಆಯಿತು. ಚಾವಡಿಯ ಬೇವಿನ ಗಿಡದ ಕೆಳಗೆ ಜನರ ನಡುವೆ ನಾನೂ ಅತ್ತೆಯೂ ನಿಂತಿದ್ದೆವು. ನೀರು ಕೆಂಪಾದದ್ದು ನೋಡಿ ಅತ್ತೆ "ಬೀರಪ್ಪಾ, ಕಣ್ಣ ತೆರದಿ ನೋಡಪಾ" ಎಂದು ಅಲ್ಲೇ ನೆಲಕ್ಕೆ ಹಣೆ ಹಚ್ಚಿದಳು.

ಈಗ ನನ್ನನ್ನು ತಿನ್ನುತ್ತಿರುವ ಮಾತು. ಆ ದಿನ ಮುಂಜಾನೆ ಮನೆಯವರು ರೊಕ್ಕ ತಗೊಂಡು ಹೊರಡುವ ಮುಂಚೆ ನಾನು ಆ ನೋಟುಗಳನ್ನು ದೇವರ ಜಗಲಿಯ ಮೇಲೆ ಇಟ್ಟು ಭಂಡಾರ ಹಚ್ಚಿದ್ದೆ. ಅವ್ವ ಮಾಡುತ್ತಿದ್ದಳಲ್ಲ, ಮನೆಯಿಂದ ರೊಕ್ಕ ಹೊರಟರೆ ಭಂಡಾರ ಹಚ್ಚಿ ಕಳಿಸು, ಹೊಳ್ಳಿ ಬರುತ್ತದೆ ಎಂದು. ಹಚ್ಚಿದೆ, ಮರೆತೆ. ಆದರೆ ಈ ಸಲದ ದೀಪಾವಳಿ ಅಮಾವಾಸ್ಯೆ ಪೂಜೆಯಲ್ಲಿ ಮನೆಯವರ ಧೋತರಕ್ಕೆ ಭಂಡಾರ ಮೆತ್ತಿತ್ತು. ಅದನ್ನು ಸೋಡಾ ಹಾಕಿ ನೆನೆಸಿದೆ. ಬಕೆಟ್ಟಿನ ನೀರು ಕೆಂಪಾಯಿತು, ಅಣ್ಣಾ! ಭಂಡಾರ ಅಂದರೆ ಅರಿಷಿಣವೇ ಅಲ್ಲವೇ, ಅರಿಷಿಣಕ್ಕೆ ಸೋಡಾ ಬಿದ್ದರೆ ಕೆಂಪಾಗುತ್ತದೆ. ಬಟ್ಟೆ ಒಗೆಯುವ ಯಾವ ಹೆಂಗಸಿಗೆ ಗೊತ್ತಿಲ್ಲ ಇದು? ಹಾಗಾದರೆ ಚಾವಡಿಯಲ್ಲಿ ಕೆಂಪಾದದ್ದು ಅವರ ಪುಡಿಯಿಂದಲೋ, ನನ್ನ ಭಂಡಾರದಿಂದಲೋ? ಇದು ಹೊರಬಿದ್ದರೆ ಕೇಸು ನನ್ನಿಂದಲೇ ಮುರಿಯುತ್ತದೆಯೇ? ಸುಳ್ಳು ಸಾಕ್ಷಿ ಮಾಡಿದಳೆಂದು ನನ್ನನ್ನೇ ಒಳಗೆ ಹಾಕುತ್ತಾರೆಯೇ?

ಮನೆಯವರಿಗೂ ಹೇಳಿಲ್ಲ. ಅತ್ತೆಗೂ ಹೇಳಿಲ್ಲ. ನಿನಗೊಬ್ಬನಿಗೇ ಬರೆಯುತ್ತಿದ್ದೇನೆ. ನಾನು ಐದನೆಯ ಇಯತ್ತೆಯ ಅರ್ಧಕ್ಕೆ ಸಾಲಿ ಬಿಟ್ಟವಳು. ನೀನು ಕಾಲೇಜು ನೋಡಿದವನು, ಕಾಲುವೆ ಆಫೀಸಿನಲ್ಲಿ ದಿನಗೂಲಿಯಾದರೂ ಸಾಹೇಬರ ನಡುವೆ ಓಡಾಡುವವನು. ತಿಳಿದವರನ್ನು ಕೇಳಿ ಬರೆ. ನಮ್ಮ ಹೆಸರು ಮಾತ್ರ ಹೇಳಬೇಡ.

ಉದ್ದವ್ವ

*

ಬೆಲ್ಲದ ಬಾಗೇವಾಡಿ
21-11-2000

ತಂಗಿ ಉದ್ದವ್ವಳಿಗೆ ಅಣ್ಣ ಬೀರಸಿದ್ದಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಮುಟ್ಟಿತು. ನೀನು ಸಣ್ಣವಳಿದ್ದಾಗಿನಿಂದಲೂ ಹೀಗೇ. ಒಲೆ ಆರಿಸಿ ಬಂದರೂ ಆರಿದೆಯೋ ಇಲ್ಲವೋ ಎಂದು ಹೊಲದಿಂದ ತಿರುಗಿ ಮನೆಗೆ ಓಡುತ್ತಿದ್ದೆ. ಕನಸಿಗೆಲ್ಲ ಅರ್ಥ ಹಚ್ಚಬೇಡ.

ಆ ತಲಾಟಿ ಎಂಥವನು ಎಂಬುದು ಊರಿಗೇ ಗೊತ್ತು. ನಿನ್ನ ಗಂಡ, ನಮ್ಮ ಯಲ್ಲಾರಿ ಮಾವನಂಥ ಒಬ್ಬ ಗಂಡಸು ಎದ್ದು ನಿಂತದ್ದಕ್ಕೆ ನನಗೆ ಹೆಮ್ಮೆ ಇದೆ. ನಮ್ಮಂಥ ದಿನಗೂಲಿಗಳು ಇಲ್ಲಿ ವರ್ಷಗಟ್ಟಲೆ ಸಾಹೇಬರ ಮುಖ ನೋಡಿ ಬದುಕುತ್ತಿದ್ದೇವೆ. ಒಬ್ಬನಿಗಾದರೂ ಶಿಕ್ಷೆಯಾಗಲಿ.

ಭಂಡಾರದ ಮಾತು ಯಾರ ಮುಂದೂ ಆಡಬೇಡ, ಮಾವನ ಮುಂದೆಯೂ ಬೇಡ. ನಾನು ವಿಚಾರಿಸಿ ತಿಳಿಸುವವರೆಗೆ ಬಾಯಿಗೆ ಬೀಗ ಹಾಕಿಕೋ. ನಮ್ಮ ಆಫೀಸಿನಲ್ಲಿ ಕಾಯಿದೆ ಬಲ್ಲವರು ಇದ್ದಾರೆ, ಸಮಯ ನೋಡಿ ಕೇಳುತ್ತೇನೆ.

ನಿನ್ನ ಅತ್ತಿಗೆ ಮತ್ತು ಮಕ್ಕಳು ಕ್ಷೇಮ. ಜವಾರಿ ಮೆಣಸಿನಕಾಯಿ ಒಣಗಿಸಿದ್ದರೆ ಬಸ್ಸಿನ ಮೇಲೆ ಕಳಿಸು.

ನಿನ್ನ ಅಣ್ಣ

*

ನಾಗನೂರ ಹತ್ತಿರದ ತೋಟ
8-1-2001

ಅಣ್ಣಾ,

ಮೆಣಸಿನಕಾಯಿ ಮುಟ್ಟಿತೇ? ನಿನ್ನ ಕಾಗದ ಬರಲೇ ಇಲ್ಲ. ವಿಚಾರಿಸಿ ತಿಳಿಸುತ್ತೇನೆ ಎಂದು ಬರೆದವನು ಸುಮ್ಮನೆ ಕೂತೆ. ಸಂಕ್ರಾಂತಿ ಹತ್ತಿರ ಬಂತು, ಇವತ್ತಾದರೂ ಉತ್ತರ ಬರುತ್ತದೆ ಎಂದು ದಿನಾ ದಾರಿ ನೋಡಿದೆ. ನಿನಗೆ ಮೈಯಲ್ಲಿ ಆರಾಮ ಇದೆಯೋ ಇಲ್ಲವೋ ಎಂದು ಆ ಚಿಂತೆ ಬೇರೆ.

ಇಲ್ಲಿ ಏನಾಗಿದೆ ಕೇಳು. ತಲಾಟಿಯನ್ನು ಮತ್ತೆ ಕೆಲಸಕ್ಕೆ ತಗೊಂಡರು. ನಮ್ಮೂರಿಗಲ್ಲ, ಬಾಜೂ ಊರಿಗೆ. ಕೇಸು ಕೋರ್ಟಿನಲ್ಲಿದೆ, ಅವನು ಕುರ್ಚಿಯಲ್ಲಿದ್ದಾನೆ. ನಮ್ಮೂರ ನಾಲ್ಕು ದೊಡ್ಡ ಮನೆಯವರು ಹೋಗಿ ಅವನಿಗೆ ಮಾಲೆ ಹಾಕಿ ಬಂದರು. ಮಾಲೆ! ಕದ್ದವನಿಗೆ ಮಾಲೆ, ಹಿಡಿದುಕೊಟ್ಟವನಿಗೆ ಏನು? ಹೊಸ ತಲಾಟಿ ನಮ್ಮ ಅರ್ಜಿಯನ್ನು ಮುಟ್ಟುವುದೇ ಇಲ್ಲ. "ನಿಮ್ಮ ಪೈಲು ಕೋರ್ಟಿನ್ಯಾಗ ಐತ್ರಿ. ನಾ ಕೈ ಹಾಕಿದ್ರ ನನ್ನ ಕೈನೂ ತೊಳಸ್ತೀರೇನೋ" ಎಂದು ನಗುತ್ತಾನೆ. ಹೀಗೆ ನಕ್ಕು ನಕ್ಕೇ ನಮ್ಮ ಹೊಲ ಒಣಗಿಸುತ್ತಿದ್ದಾರೆ. ಕಾಲುವೆಯಲ್ಲಿ ನೀರು ಹರಿಯುತ್ತದೆ, ನಮ್ಮ ಬದುವಿನ ಮುಂದೆಯೇ ಹರಿಯುತ್ತದೆ, ಹೆಸರಿಲ್ಲದವರಿಗೆ ಪಾಳಿ ಇಲ್ಲ.

ಆದರೆ ನಾನು ಬರೆಯಲು ಕೂತದ್ದು ಬೇರೆಯದಕ್ಕೆ. ನಿನ್ನೆ ಹಿಟ್ಟಿನ ಗಿರಣಿಯಲ್ಲಿ ನಿಂತಿದ್ದೆ. ಮಾಲೆ ಹಾಕಿದ ಮನೆಯವಳೊಬ್ಬಳು ಎಲ್ಲರಿಗೂ ಕೇಳುವಂತೆ ಹೇಳಿದಳು: "ಅವತ್ತ ತಲಾಟಿ ಸಾಹೇಬ್ರು ಬೀರಪ್ಪನ ಗುಡಿಗೆ ಹೋಗಿ ಬಂದಿದ್ರಂತವ್ವಾ. ಕೈಯಾಗ ಭಂಡಾರ ಇತ್ತಂತ, ಅದಕ್ಕ ನೀರು ಕೆಂಪಾತಂತ. ದೇವರ ಭಂಡಾರ ಹಿಡದ ಕೈಗೆ ಕಳ್ಳನ ಹೆಸರ ಹಚ್ಚಿದ್ರು, ಅವರ ವಂಶ ಉದ್ಧಾರ ಆಗತೈತೇನು?"

ಜೋಳ ಬೀಸಿಸದೆಯೇ ಬುಟ್ಟಿ ಎತ್ತಿಕೊಂಡು ಮನೆಗೆ ಬಂದೆ. ಒಂದೂವರೆ ವರ್ಷ ಈ ಮಾತು ಯಾರ ಬಾಯಲ್ಲೂ ಇರಲಿಲ್ಲ. ತಲಾಟಿ ಮೊದಲ ದಿನ ಅತ್ತ, ಆಮೇಲೆ ರೊಕ್ಕ ಸಾಲದ್ದು ಅಂದ, ಆಮೇಲೆ ಯಾರೋ ಟೇಬಲ್ಲಿನಲ್ಲಿ ಇಟ್ಟರು ಅಂದ. ಭಂಡಾರ ಅಂದಿರಲಿಲ್ಲ. ನಾನು ಕಾಗದ ಬರೆದ ಮೇಲೆ ಅನ್ನುತ್ತಿದ್ದಾನೆ.

ನಾನು ನಿದ್ದೆಯಲ್ಲಿ ಬಡಬಡಿಸಿದೆನೇನೋ ಎಂದು ಅತ್ತೆಯನ್ನು ಕೇಳಿದೆ, ಇಲ್ಲ ಅಂದಳು. ಉಳಿದದ್ದು ಟಪಾಲಿನವ. ನಾನು ಬರೆದದ್ದು ಇನ್‌ಲ್ಯಾಂಡ್ ಕಾಗದ, ಅಂಚಿಗೆ ಬರೀ ಅನ್ನದ ಅಗುಳು ಹಚ್ಚಿದ್ದೆ. ಅವನು ಬಿಚ್ಚಿ ಓದಿ ಅವರಿಗೆ ಹೇಳಿದ್ದಾನೆ. ಇವತ್ತು ಅವನು ಸೈಕಲ್ ಇಳಿಯುವುದಕ್ಕೆ ಮೊದಲೇ ತಡೆದು ಬಾಯಿಗೆ ಬಂದದ್ದು ಬೈದೆ. ಅವನು ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡು, "ನಾಕೂರು ತಿರಗಿ ಕಾಲ ಸೋತಾವ ತಂಗಿ, ಇನ್ನ ನಿನ್ನ ಕಾಗದ ಓದಿ ಕಣ್ಣೂ ಕಳ್ಕೊಳ್ಳಲೇನು?" ಅಂದ. ಎಂಥ ನಾಟಕ ನೋಡು! ಇನ್ನು ಮೇಲೆ ಮೂಡಲಗಿಗೆ ಹೋಗಿ ಅಲ್ಲಿಯ ಡಬ್ಬಿಯಲ್ಲೇ ಕಾಗದ ಹಾಕುತ್ತೇನೆ, ಲಕೋಟೆಯಲ್ಲಿ, ಗೋಂದು ಹಚ್ಚಿ.

ನೀನಾದರೂ ಬೇಗ ಬರೆ. ನನಗೆ ನಿನ್ನನ್ನು ಬಿಟ್ಟರೆ ಕೇಳುವುದಕ್ಕೆ ಯಾರಿದ್ದಾರೆ?

ಉದ್ದವ್ವ

*

ಬೆಲ್ಲದ ಬಾಗೇವಾಡಿ
24-1-2001

ತಂಗಿ ಉದ್ದವ್ವಳಿಗೆ ಆಶೀರ್ವಾದಗಳು.

ಕೆಲಸದ ಗಡಿಬಿಡಿಯಲ್ಲಿ ಬರೆಯುವುದು ತಡವಾಯಿತು. ಮೆಣಸಿನಕಾಯಿ ಮುಟ್ಟಿದೆ.

ಟಪಾಲಿನವನ ಜೊತೆ ಜಗಳ ಬೆಳೆಸಬೇಡ. ಮಾತು ಗಾಳಿಯಲ್ಲಿ ಹೇಗೋ ಹೋಗುತ್ತದೆ, ಯಾರಿಂದ ಹೋಯಿತು ಎಂದು ಹುಡುಕಿ ಏನು ಫಲ?

ನಾನು ತಿಳಿದವರನ್ನು ಕೇಳಿದೆ. ಅವರು ಹೇಳಿದ್ದನ್ನು ಬರೆಯುತ್ತೇನೆ, ಸಿಟ್ಟಿಗೇಳದೆ ಓದು. ಲೋಕಾಯುಕ್ತದವರು ಪುಡಿ ಹಚ್ಚುವ ನೋಟಿಗೆ ಮೊದಲೇ ಇನ್ನೊಂದು ಬಣ್ಣ ಹಚ್ಚುವುದು ಸಾಕ್ಷ್ಯ ಕೆಡಿಸಿದ ಅಪರಾಧವಂತೆ. ನೀನು ಕೋರ್ಟಿನಲ್ಲಿ ಅದನ್ನು ಹೇಳಿದರೆ ನಿನಗೇ ಜೈಲಾಗಬಹುದು, ಮಾವನೂ ಸುಳ್ಳು ದೂರುದಾರ ಎನಿಸಿಕೊಳ್ಳುತ್ತಾನೆ. ಹೇಳದಿದ್ದರೆ ಅವರ ವಕೀಲರು ಭಂಡಾರದ ಮಾತು ತೆಗೆಯುತ್ತಾರೆ, ಕೇಸು ಹೇಗೂ ನಿಲ್ಲುವುದಿಲ್ಲ. ಎರಡೂ ಕಡೆ ನಷ್ಟ. ಇದರ ಬದಲು ಮಾವ ಸಾಕ್ಷಿಗೆ ನಿಂತಾಗ "ಬಹಳ ದಿನ ಆತು, ನೆನಪಿಲ್ರಿ" ಎಂದು ಬಿಟ್ಟರೆ ಎಲ್ಲ ಮುಗಿಯುತ್ತದೆ. ನಿಮ್ಮ ಉತಾರದಲ್ಲಿ ಹೆಸರು ಒಂದೇ ವಾರದಲ್ಲಿ ಏರುತ್ತದೆ ಎಂದು ಅವರು ಖಾತ್ರಿ ಕೊಟ್ಟಿದ್ದಾರೆ. ನಿಮಗೆ ಬೇಕಾದದ್ದು ಹೊಲವೋ, ಹಟವೋ?

ಮಾವನನ್ನು ಒಪ್ಪಿಸುವುದು ನಿನ್ನ ಕೈಯಲ್ಲಿದೆ. ಹೆಣ್ಣುಮಕ್ಕಳು ಮನೆ ಉಳಿಸಬೇಕು.

ನಿನ್ನ ಅಣ್ಣ

*

ನಾಗನೂರ ಹತ್ತಿರದ ತೋಟ
2-3-2001

ಅಣ್ಣಾ,

ನಿನ್ನ ಹೋದ ಕಾಗದವನ್ನು ಎಷ್ಟು ಸಲ ಓದಿದೆನೋ, ಮಡಿಕೆ ಹರಿದಿದೆ. "ಅವರು ಖಾತ್ರಿ ಕೊಟ್ಟಿದ್ದಾರೆ" ಎಂದು ಬರೆದಿದ್ದೀ. ಯಾವ ಅವರು? ಓದಿದಾಗಲೇ ಮನಸ್ಸಿಗೆ ಮುಳ್ಳು ಚುಚ್ಚಿತ್ತು. ಆದರೆ ನಿನ್ನ ಬಗ್ಗೆ ಕೆಟ್ಟದ್ದು ಯೋಚಿಸುವುದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ. ಬಿಡು, ಮೊದಲು ಕೋರ್ಟಿನದು ಬರೆಯುತ್ತೇನೆ.

ಫೆಬ್ರುವರಿಯಲ್ಲಿ ಮನೆಯವರ ಸಾಕ್ಷಿ ಆಯಿತು. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ, ಒಳಗೆ ಆದದ್ದನ್ನು ಅವರು ಆಮೇಲೆ ಹೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದರಂತೆ. ಕಡೆಗೆ ತಲಾಟಿಯ ವಕೀಲ, "ಆ ದಿನ ನನ್ನ ಕಕ್ಷಿದಾರರ ಕೈಗೆ ದೇವಸ್ಥಾನದ ಭಂಡಾರ ಹತ್ತಿತ್ತು, ಹೌದೋ ಅಲ್ಲೋ?" ಎಂದು ಕೇಳಿದ. ಇವರಿಗೆ ಏನು ಗೊತ್ತು? "ನಾ ನೋಡಿಲ್ರಿ" ಅಂದರು. "ಇರಲಿಕ್ಕೂ ಸಾಕಲ್ಲ?" ಅಂದ. "ಇರಬಹುದ್ರಿ, ನಂಗ ಗೊತ್ತಿಲ್ಲ" ಅಂದರು. ವಕೀಲ ಮೀಸೆ ತಿರುವಿಕೊಂಡು ಕೂತನಂತೆ. ಮನೆಯವರು ಮುಖ ಕಪ್ಪಿಟ್ಟುಕೊಂಡು ಹೊರಗೆ ಬಂದರು. ಅವರು ನನ್ನಿಂದ ಸೋತರು. ನಾನು ಮುಚ್ಚಿಟ್ಟದ್ದರಿಂದ ಸೋತರು.

ಆಗ ಇನ್ನೊಂದು ನೋಡಿದೆ. ವರಾಂಡದ ತುದಿಯಲ್ಲಿ ತಲಾಟಿ ಚಹಾ ಕುಡಿಯುತ್ತಿದ್ದ. ಅವನ ಬಾಜೂ ಬಿಳಿ ಶರ್ಟಿನ ದಪ್ಪ ಮನುಷ್ಯ. ಎಲ್ಲೋ ನೋಡಿದ ಮುಖ. ನೆನಪಾಯಿತು, ನಿನ್ನ ಸಣ್ಣ ಮಗನ ಜವಳಕ್ಕೆ ಬಾಗೇವಾಡಿಗೆ ಬಂದಾಗ ನೀನು ಎರಡೂ ಕೈ ಜೋಡಿಸಿ ಬಾಗಿಲಿಗೆ ಓಡಿ ಒಳಗೆ ಕರೆದುಕೊಂಡು ಬಂದಿದ್ದೆಯಲ್ಲ, ನಿನ್ನ ಕಾಲುವೆ ಆಫೀಸಿನ ಸಾಹೇಬ. ನಾನೇ ಅವರಿಗೆ ಹೋಳಿಗೆ ಬಡಿಸಿದ್ದೆ. ಕೋರ್ಟಿನ ಜವಾನನನ್ನು ಕೇಳಿದೆ, "ಇವರು ಯಾರ್ರಿ?" ಅವನು, "ತಲಾಟಿಯ ಅಕ್ಕನ ಗಂಡ್ರವ್ವಾ. ಪ್ರತಿ ತಾರೀಕಿಗೂ ಬರ್ತಾರ" ಅಂದ.

ಅಣ್ಣಾ, ನನಗೆ ಓದು ಬರಹ ಅರ್ಧ. ಆದರೆ ಎರಡಕ್ಕೆ ಎರಡು ಕೂಡಿಸಲು ಬರುತ್ತದೆ. ನೀನು ವಿಚಾರಿಸಿದ "ಕಾಯಿದೆ ಬಲ್ಲವರು" ಇವರೇ. ನನ್ನ ಹೊಟ್ಟೆಯ ಭಯವನ್ನು ಒಯ್ದು ನೀನು ಕಳ್ಳನ ಕೈಗೆ ಕೊಟ್ಟೆ, ಕಳ್ಳ ಅದನ್ನು ತೊಟ್ಟುಕೊಂಡು ಕೋರ್ಟಿಗೆ ಬಂದ. ನಾನು ಮೂರ್ಖಳು, ಅನ್ನದ ಅಗುಳಿನ ಮೇಲೆ ಸಿಟ್ಟು ಮಾಡಿದೆ. ಆ ಟಪಾಲಿನವನ ಮುಂದೆ ನಿಂತು "ತಪ್ಪಾತ್ರಿ" ಎಂದು ಹೇಳಿ ಬಂದೆ. ಅವನು, "ಹೋಗಲಿ ಬಿಡ ತಂಗಿ, ಮಂದಿ ಸಾಹೇಬ್ರನ್ನ ಬೈಯಾಕ ಆಗಲ್ಲಂತ ನಮ್ಮನ್ನ ಬೈತಾರ, ಅದೂ ನಮ್ಮ ಡ್ಯೂಟಿನ ಐತಿ" ಎಂದು ನಕ್ಕ. ನಾನು ಅಲ್ಲೇ ಅತ್ತುಬಿಟ್ಟೆ. ನನಗೆ ಅಳು ಬಂದದ್ದು ನಿನಗಾಗಿ.

ಅವತ್ತೇ ಸಂಜೆ ಮನೆಯವರಿಗೆ ಎಲ್ಲ ಹೇಳಿದೆ. ಹೊಡೆಯುತ್ತಾರೆ ಎಂದುಕೊಂಡಿದ್ದೆ. ಎದ್ದು ಹೋಗಿ ದನಗಳಿಗೆ ಮೇವು ಹಾಕಿ ಬಂದರು. ಆಮೇಲೆ, "ನಾಳಿಗೆ ಬೆಳಗಾವಿಗೆ ಹೋಗೂನು, ಬುತ್ತಿ ಕಟ್ಟು" ಅಂದರು. ಅಷ್ಟೇ. ಇಂಥ ಗಂಡನಿಗೆ "ನೆನಪಿಲ್ಲ" ಎಂದು ಹೇಳಿಸು ಎಂದು ನೀನು ಬರೆದಿದ್ದೆ.

ಸರಕಾರಿ ವಕೀಲರ ಕೈಕೆಳಗೆ ಆಮ್ರಪಾಲಿ ಎಂದು ಒಬ್ಬ ಮೇಡಂ ಇದ್ದಾರೆ, ನಮ್ಮ ಹುಕ್ಕೇರಿ ಕಡೆಯವರೇ. ಅವರ ಮುಂದೆ ಎಲ್ಲ ಒಪ್ಪಿಸಿದೆ, ನನ್ನನ್ನು ಜೈಲಿಗೆ ಹಾಕಿದರೂ ಚಿಂತೆ ಇಲ್ಲ ಅಂದೆ. ಅವರು ಮೊದಲು ಬೈದರು. "ಇಷ್ಟ ದಿನ ಎಲ್ಲಿ ಮಲಗಿದ್ಯವ್ವಾ? ಮೊದಲ ದಿನಾನ ಹೇಳಬೇಕಿಲ್ಲ?" ಆಮೇಲೆ ಪ್ರಯೋಗಾಲಯದ ವರದಿ ತೆಗೆದು ಓದಿ ಹೇಳಿದರು. ಅವನ ಕೈ ತೊಳೆದ ನೀರಿನಲ್ಲಿ ಬಿಳಿ ಪುಡಿಯೂ ಸಿಕ್ಕಿದೆ, ಅರಿಷಿಣವೂ ಸಿಕ್ಕಿದೆ. ನೋಟಿನ ಮೇಲೂ ಎರಡೂ ಇವೆ. "ಬಿಳಿ ಪುಡಿ ಯಾವ ಗುಡಿಯಾಗೂ ಕೊಡೂದಿಲ್ಲ, ಅದು ಅವಂಗೂ ಗೊತ್ತೈತಿ. ಆದರ ಈ ಅರಿಷಿಣ ಎಲ್ಲಿಂದ ಬಂತು ಅಂತ ನಮ್ಮ ಕಡೆ ಉತ್ತರ ಇರಲಿಲ್ಲ. ಆ ಒಂದ ಸಂಶಯ ಹಿಡಕೊಂಡು ಅವ ಜೋತಾಡಾಕತ್ತಾನ. ನೋಟಿನ ಮ್ಯಾಲ ಹಚ್ಚಿದಾಕಿ ನೀನ. ನೋಟಿನ ಭಂಡಾರ ಅವನ ಬೆರಳಿಗೆ ಹೆಂಗ ಹೋತು? ಮುಟ್ಟಿದ್ದಕ್ಕ ಹೋತು. ಇದನ್ನ ಹೇಳಾಕಿ ನೀ ಒಬ್ಬಾಕಿನ ಇದ್ದಿ" ಅಂದರು. ದೇವರಿಗೆಂದು ಹಚ್ಚಿದ್ದು ಅಪರಾಧ ಅಲ್ಲ, ಕೇಳಿದಾಗ ಮುಚ್ಚಿಟ್ಟರೆ ಅಪರಾಧ ಎಂದೂ ಹೇಳಿದರು.

ನೋಡಿದೆಯಾ? ಯಾವ ಮಾತನ್ನು ನುಂಗು ಎಂದು ನೀನು ಹೇಳಿದೆಯೋ ಅದೇ ಮಾತು ಬೇಕಾಗಿತ್ತು. ನನ್ನನ್ನು ಸಾಕ್ಷಿಯಾಗಿ ಕರೆಸಲು ಅರ್ಜಿ ಹಾಕುತ್ತಾರಂತೆ. ನಾನು ಹೋಗುತ್ತೇನೆ.

ಉದ್ದವ್ವ

*

ಬೆಲ್ಲದ ಬಾಗೇವಾಡಿ
15-3-2001

ಉದ್ದವ್ವಳಿಗೆ,

ನೀನು ಬರೆದ ಮಾತುಗಳನ್ನು ಒಡಹುಟ್ಟಿದವನಿಗೆ ಯಾರೂ ಬರೆಯಬಾರದು. ಅತ್ತಿಗೆ ಓದಿ ಎರಡು ದಿನ ಊಟ ಬಿಟ್ಟಳು.

ಸಾಹೇಬರು ತಲಾಟಿಯ ಭಾವ ಎಂಬುದು ಖರೆ. ನಾನು ನಿನ್ನ ಹೆಸರು ಹೇಳದೆಯೇ ಕೇಳಿದ್ದೆ, "ಹೀಗೆ ಒಬ್ಬರ ಮನೆಯಲ್ಲಿ ಆಗಿದೆ" ಎಂದು. ಅವರು ಬುದ್ಧಿವಂತರು, ತಿಳಿದುಕೊಂಡರು. ಬಾಯಿ ತಪ್ಪಿ ಆದದ್ದು. ಬೇಕೆಂದು ಮಾಡಿದ್ದಲ್ಲ.

ಇನ್ನೊಂದು ವಿಷಯ ನಿನಗೆ ತಿಳಿಸಿರಲಿಲ್ಲ. ಫೆಬ್ರುವರಿ ಮೊದಲ ವಾರ ನನಗೆ ಖಾಯಂ ಆದೇಶ ಬಂದಿದೆ. ಈ ಸಲ ನಮ್ಮ ಆಫೀಸಿಗೆ ಒಂದೇ ಜಾಗ ಇತ್ತು. ಸೇವಾ ಹಿರಿತನದ ಮೇಲೆ ಬಂದದ್ದು, ಇದಕ್ಕೂ ಅದಕ್ಕೂ ಸಂಬಂಧ ಇಲ್ಲ. ಎಷ್ಟು ವರ್ಷ ತೂಬಿನ ಗೇಟು ಕಾಯ್ದೆ, ಎಷ್ಟು ಮಳೆಗಾಲ ಹೊರಗೆ ನಿಂತೆ, ನಿನಗೆ ಗೊತ್ತು. ಈಗ ಮಕ್ಕಳಿಗೆ ಒಂದು ನೆಲೆ ಸಿಕ್ಕಿದೆ. ನೀನು ಕೋರ್ಟಿಗೆ ಹೋಗಿ ನಿಂತರೆ ಸಾಹೇಬರು ನನ್ನನ್ನು ಎಲ್ಲಿಗೆ ಎತ್ತಿ ಎಸೆಯುತ್ತಾರೋ ದೇವರಿಗೇ ಗೊತ್ತು. ನಿನ್ನ ಒಂದು ಸಾಕ್ಷಿಯಿಂದ ದೇಶ ಸುಧಾರಿಸುವುದಿಲ್ಲ. ತಲಾಟಿ ಹೋದರೆ ಇನ್ನೊಬ್ಬ ತಲಾಟಿ ಬರುತ್ತಾನೆ, ಅವನೂ ಕೇಳುತ್ತಾನೆ. ನನ್ನ ಮನೆ ಮಾತ್ರ ಕೆಡುತ್ತದೆ.

ಹೋಗಲೇಬೇಕು ಎಂದಿದ್ದರೆ, ತವರುಮನೆ ಎಂದು ಈ ಬಾಗಿಲಿಗೆ ಬರಬೇಡ.

ಬೀರಸಿದ್ದಪ್ಪ

*

ನಾಗನೂರ ಹತ್ತಿರದ ತೋಟ
20-6-2001

ಅಣ್ಣಾ,

ನಿನ್ನ ಬಾಗಿಲಿಗೆ ಬರುವುದಿಲ್ಲ. ಕಾಗದ ಬರೆಯಬೇಡ ಎಂದು ನೀನು ಹೇಳಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಹೋದ ವಾರ ನನ್ನ ಸಾಕ್ಷಿ ಆಯಿತು. ಕಟಕಟೆ ಹತ್ತುವಾಗ ಸೆರಗು ಬೆವರಿಗೆ ತೊಯ್ದಿತ್ತು.  ಸರಕಾರಿ ವಕೀಲರು ಕೇಳಿದ್ದಕ್ಕೆಲ್ಲ ಹೇಳಿದೆ. ಆಮೇಲೆ ತಲಾಟಿಯ ವಕೀಲ ಎದ್ದ. ಎದ್ದವನೇ, "ಎಷ್ಟನೇ ಇಯತ್ತೆ ಓದೀಯವ್ವಾ?" ಎಂದ.

"ಐದನೇದು, ಅರ್ಧಾ ರೀ."

"ಅರ್ಧಾ ಕಲಿತಾಕಿ, ಸೋಡಾದಾಗ ಅರಿಷಿಣ ಕೆಂಪಾಗತೈತಿ ಅನ್ನೂದು ಯಾವ ಕಾಲೇಜಿನ್ಯಾಗ ಕಲತಿ?"

"ಅದಕ್ಕ ಕಾಲೇಜ್ಯಾಕ್ರೀ? ನಿಮ್ಮ ಮನ್ಯಾಗ ಬಟ್ಟಿ ಯಾರು ಒಗೀತಾರೋ ಅವರನ್ನ ಕೇಳ್ರಿ."

ಹಿಂದೆ ಕೂತವರು ನಕ್ಕರು. ನಾನು ನಗಿಸಲು ಹೇಳಿದ್ದಲ್ಲ, ಹೆದರಿಕೆಯಲ್ಲಿ ಬಂದದ್ದು. ವಕೀಲನಿಗೆ ಸಿಟ್ಟು ಬಂತು. "ನೋಟಿಗೆ ಭಂಡಾರ ಹಚ್ಚು ಅಂತ ನಿನಗ ಹೇಳಿಕೊಟ್ಟವರು ಯಾರು? ಸರಕಾರಿ ವಕೀಲ್ರೇನು?"

"ನಮ್ಮವ್ವ ರೀ. ಮನಿಯಿಂದ ರೊಕ್ಕ ಹೊಂಟ್ರ ಭಂಡಾರ ಹಚ್ಚಿ ಕಳಸು, ಹೊಳ್ಳಿ ಬರ್ತೈತಿ ಅಂತಿದ್ಲು."

"ಹೊಳ್ಳಿ ಬಂತೇನು?"

"ಎರಡು ವರ್ಷ ಆತ್ರಿ, ಇಲ್ಲೇ ಕೋರ್ಟಿನ್ಯಾಗ ಕುಂತೈತಿ. ನ್ಯಾಯಾನೂ ಅದರ ಬಾಜೂನ ಕುಂತೈತಿ. ಎರಡೂ ಯಾವಾಗ ಎದ್ದ ಬರ್ತಾವೋ ನೀವ ಹೇಳ್ರಿ."

ಈ ಸಲ ಯಾರೂ ನಗಲಿಲ್ಲ. ನ್ಯಾಯಾಧೀಶರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡೆ. "ಕೇಳಿದ್ದಕ್ಕಷ್ಟೇ ಉತ್ತರ ಹೇಳಮ್ಮ" ಎಂದರು, ಅಷ್ಟೇ. ಧ್ವನಿ ಜೋರಿರಲಿಲ್ಲ.

ಕಡೆಗೆ ವಕೀಲ ಬೇರೆ ದಾರಿ ಹಿಡಿದ. "ನೀ ಈ ಮಾತು ಎರಡು ವರ್ಷ ಯಾರಿಗೂ ಹೇಳಿಲ್ಲ. ಈಗ ಕೇಸು ಬೀಳಾಕತ್ತೈತಿ ಅಂತ ಹುಟ್ಟಿಸಿಕೊಂಡು ಹೇಳಾಕತ್ತಿ" ಅಂದ.

ಅಣ್ಣಾ, ಆಗ ನಿನ್ನ ಹೆಸರು ನನ್ನ ಹಲ್ಲಿನ ಹಿಂದೆಯೇ ಇತ್ತು. ಹೇಳಿದೆ ಎಂದಿದ್ದರೆ ಯಾರಿಗೆ ಎಂದು ಕೇಳುತ್ತಿದ್ದ. ಹೇಳಿಲ್ಲ ಎಂದಿದ್ದರೆ ಪ್ರಮಾಣ ಮಾಡಿ ಸುಳ್ಳು ಹೇಳಿದಂತೆ. ತಲಾಟಿ ಅಲ್ಲೇ ಕೂತು ನನ್ನ ಬಾಯನ್ನೇ ನೋಡುತ್ತಿದ್ದ. ಅವನಿಗೆ ಗೊತ್ತಿತ್ತು, ಇವಳು ತವರನ್ನು ಉಳಿಸಿಕೊಳ್ಳಲು ಸುಳ್ಳು ಹೇಳುತ್ತಾಳೆ ಎಂದು. ಆ ಮುಖ ನೋಡಿದ ಮೇಲೆ ನಾನು ನ್ಯಾಯಾಧೀಶರ ಕಡೆ ತಿರುಗಿದೆ.

"ಹೇಳೇನ್ರಿ," ಅಂದೆ. "ಹೋದ ವರ್ಷ ನವಂಬರದಾಗ ನಮ್ಮಣ್ಣಗ ಬರದೇನಿ. ನಮ್ಮಣ್ಣ ಕೆಲಸಾ ಮಾಡೂ ಆಫೀಸಿನ ಸಾಹೇಬ್ರು ಈ ತಲಾಟಿ ಸಾಹೇಬ್ರ ಭಾವ ಅದಾರ. ನಾ ಬರದ ಮ್ಯಾಲನ ಇವರ ಕೈಯಾಗ ಭಂಡಾರ ಬಂತು. ಅದಕ್ಕ ಮೊದಲ ಇವರು ಯಾವ ಗುಡಿಗೂ ಹೋಗಿದ್ದಿಲ್ರಿ."

ವಕೀಲ ಕೂತುಬಿಟ್ಟ. ನ್ಯಾಯಾಧೀಶರು ಅದನ್ನೂ ಬರೆಸಿದರು. ಟೈಪ್ ಮಾಡುವವನ ಕೈ ಟಕಟಕ ಎಂದು ನಡೆಯಿತು. ಓದಿ ಹೇಳಿದರು, ನಾನು ರುಜು ಹಾಕಿದೆ. ಇನ್ನೂ ತೀರ್ಪು ಬಂದಿಲ್ಲ. ತಲಾಟಿಗೆ ಶಿಕ್ಷೆ ಆಗುತ್ತದೆಯೋ ಬಿಡುತ್ತಾರೋ, ಆದರೂ ಮೇಲಿನ ಕೋರ್ಟಿಗೆ ಹೋಗುತ್ತಾನೋ, ನನಗೆ ಗೊತ್ತಿಲ್ಲ. ಆ ಚಿಂತೆ ಇದ್ದೇ ಇದೆ. ಉತಾರದಲ್ಲಿ ಇವತ್ತಿಗೂ ಮಾವನವರ ಹೆಸರೇ ಇದೆ.

ನಿನ್ನನ್ನು ನಾನು ಕೋರ್ಟಿಗೆ ಎಳೆದೆ ಎಂದು ನೀನು ಬೈಯುತ್ತೀ. ಬೈ. ನನಗೂ ರಾತ್ರಿಯೆಲ್ಲ ಅದೇ ನೋವು. ಆದರೆ ಆಮ್ರಪಾಲಿ ಮೇಡಂ ನಿನ್ನ ಬಗ್ಗೆ ಕೇಳಿದಾಗ, ಬಾಯಿ ತಪ್ಪಿ ಹೇಳಿದ್ದಂತೆ, ಬೇಕೆಂದು ಅಲ್ಲವಂತೆ ಎಂದು ನೀನು ಬರೆದದ್ದನ್ನೇ ಹೇಳಿದೆ. ನಂಬಿಯೇ ಹೇಳಿದೆ.

ಹೇಳಿ ತಿರುಗಿ ಬರುವಾಗ ಗೋಕಾಕ ಬಸ್ ಸ್ಟ್ಯಾಂಡಿನಲ್ಲಿ ಒಬ್ಬಳು ಹೆಂಗಸು ನನ್ನನ್ನು ಗುರುತು ಹಿಡಿದು, "ನೀ ಬೀರಸಿದ್ದಪ್ಪನ ತಂಗಿ ಅಲ್ಲೇನವ್ವಾ?" ಅಂದಳು. ನಿಮ್ಮ ಆಫೀಸಿನಲ್ಲಿ ನಿನ್ನ ಜೊತೆ ಗೇಟು ಕಾಯುವ ರಾಚಪ್ಪನ ಹೆಂಡತಿಯಂತೆ, ಕರೆವ್ವ. ತಲೆಯ ಮೇಲೆ ಮಾರಾಟದ ಬದನೆಕಾಯಿ ಬುಟ್ಟಿ. ನಿನಗೆ ಖಾಯಂ ಆದದ್ದಕ್ಕೆ ನನ್ನ ಕೈಗೆ ಎರಡು ಬದನೆಕಾಯಿ ಇಟ್ಟು, "ಚಲೋ ಆತು ಬಿಡವ್ವಾ, ಯಾರಿಗರ ಆಗಲಿ" ಅಂದಳು. ಹೊಟ್ಟೆಕಿಚ್ಚು ಒಂದಿಷ್ಟೂ ಇರಲಿಲ್ಲ ಅವಳ ಮಾತಿನಲ್ಲಿ. "ನಮ್ಮವರ ಪಾಳಿ ಇತ್ತು, ತಪ್ಪಿತು. ಅವರಿಗೆ ಈಗ ಉಬ್ಬಸ, ಮಳಿಯಾಗ ಗೇಟ ಕಾಯಾಕ ಆಗವಲ್ದು. ಮುಂದಿನ ಸಲ ಆಗತೈತಿ ಅಂದಾರ ಸಾಹೇಬ್ರು" ಅಂದಳು. ಬದನೆಕಾಯಿ ನನ್ನ ಕೈಯಲ್ಲೇ ಉಳಿದವು. ಬಸ್ಸು ಹೋದದ್ದೂ ತಿಳಿಯಲಿಲ್ಲ.

ತಲಾಟಿ ನಮ್ಮ ಹೆಸರನ್ನು ಕಾಗದಕ್ಕೆ ಏರಿಸದೆ ತಡೆದದ್ದಕ್ಕೆ ನಾವು ಎರಡು ವರ್ಷ ಕೋರ್ಟು ತುಳಿದಿದ್ದೇವೆ. ಆ ಕರೆವ್ವ ಯಾರ ಮೇಲೆ ಕೋರ್ಟಿಗೆ ಹೋಗಬೇಕು, ನೀನೇ ಹೇಳು.

ಸೇವಾ ಹಿರಿತನದ ಮೇಲೆ ಬಂದದ್ದು ಎಂದು ನೀನು ಬರೆದಿದ್ದೀ. ಇರಬಹುದು. ನಾನು ಯಾವಾಗಲೂ ಇಲ್ಲದ್ದಕ್ಕೆಲ್ಲ ಹೆದರುವವಳು, ತಪ್ಪು ತಿಳಿದಿರಬಹುದು. ಕರೆವ್ವನಿಗೂ ತಪ್ಪು ನೆನಪಿರಬಹುದು. ಆದರೆ ಅವಳ ಗಂಡ ಆ ಗೇಟಿಗೆ ಬಂದಾಗ ನೀನಿನ್ನೂ ಹುಕ್ಕೇರಿಯಲ್ಲಿ ಓದುತ್ತಿದ್ದೆ ಎನ್ನುತ್ತಾಳೆ. ರಾಚಪ್ಪ ಕೆಲಸಕ್ಕೆ ಸೇರಿದ್ದು ಯಾವ ವರ್ಷ, ನೀನು ಸೇರಿದ್ದು ಯಾವ ವರ್ಷ, ಇನ್ನೊಮ್ಮೆ ಸರಿಯಾಗಿ ನೋಡಿ ಬರೆ.

ಉದ್ದವ್ವ